ಮೂವತ್ತೇಳನೇ ಮನೆ ಎಲ್ಲಿಗೆ ಬಂತು

ಪುಕೆಕೊಹೆ
ಸೆಪ್ಟೆಂಬರ್ 3, 2025

ಅನನ್ಯಾ,

ಹರಿದು ಹಾಕುವ ಮೊದಲು ಎರಡು ಸಾಲು ಓದು. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿ ನಾಲ್ಕು ವರ್ಷವಾಯಿತು. ಇಮೇಲ್ ಕಳಿಸಿದರೆ ತೆರೆಯದೆ ಅಳಿಸುತ್ತೀಯ ಎಂಬುದೂ ಗೊತ್ತು. ಅಂಚೆಯವರನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಬಂದಿಲ್ಲವಾದ್ದರಿಂದ ಕಾಗದ ಬರೆಯುತ್ತಿದ್ದೇನೆ.

ವಿಷಯ ಏನೆಂದರೆ, ಆಕ್ಲೆಂಡಿನ ತಕಾನಿನಿಯಲ್ಲಿ ಬರೀ ನಕ್ಷೆ ನೋಡಿ ನೀನು ಮುಂಗಡ ಕಟ್ಟಿದ್ದೀಯಲ್ಲ, ಮೂವತ್ತೇಳನೇ ನಂಬರಿನ ಮನೆ, ಅದು ನಾನು ಕೆಲಸ ಮಾಡುವ ಸೈಟು! ಕಳೆದ ವಾರ ಕೊಂಡವರ ಪಟ್ಟಿ ನನ್ನ ಕೈಗೆ ಬಂತು. ಅನನ್ಯಾ ಎಂಬ ಹೆಸರು, ಹ್ಯಾಮಿಲ್ಟನ್ನಿನ ರೊಟೊಟೂನದ ವಿಳಾಸ, ಹುಟ್ಟಿದ ತಾರೀಕು ನೋಡಿ ಕುರ್ಚಿಯಿಂದ ಎದ್ದೇಬಿಟ್ಟೆ. ಪಕ್ಕದ ಮೇಜಿನವನು ಭೂಕಂಪ ಅಂದುಕೊಂಡು ಬಾಗಿಲ ಕಡೆ ನೋಡಿದ.

ಇಲ್ಲಿ ಒಟ್ಟು ತೊಂಬತ್ತಾರು ಮನೆ ಏಳುತ್ತಿವೆ. ಎರಡು ವಾರದಿಂದ ದಿನದ ಲೆಕ್ಕ ಪೂರ್ತಿ ನನ್ನದು. ಮಧ್ಯಾಹ್ನ ಹೆಲ್ಮೆಟ್ಟು, ಗಮ್‌ಬೂಟು ಹಾಕಿ ಮನೆಮನೆ ಹೊಕ್ಕು, ಇವತ್ತು ಏನು ಕೆಲಸವಾಯಿತು, ಏನು ಖರ್ಚಾಯಿತು ಎಂದು ಟ್ಯಾಬ್ಲೆಟ್ಟಿಗೆ ತುಂಬುತ್ತೇನೆ. ಸಂಜೆ ಸೈಟ್ ಆಫೀಸಿನ ಗೋಡೆಯ ದೊಡ್ಡ ಪರದೆಯಲ್ಲಿ ಪ್ರತಿ ಮನೆಯ ಪಕ್ಕ ಎಷ್ಟು ಮುಗಿದಿದೆ ಎಂಬ ಶೇಕಡಾ ಅಂಕಿ ಬೀಳುತ್ತದೆ. ಯಾವ ತಂಡ ಮುಂದಿನ ವಾರ ಯಾವ ಮನೆಗೆ ಹೋಗಬೇಕು ಎಂಬುದು ಆ ಅಂಕಿ ನೋಡಿಯೇ ತೀರ್ಮಾನ. ಮೊದಲ ದಿನ ಆ ಪರದೆ ಬೆಳಗಿದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ ಕಣೇ.

ಕೊಂಡವರಿಗೆ ಕಂಪನಿ ತಿಂಗಳಿಗೊಂದು ವರದಿ ಕಳಿಸುತ್ತದೆ, ಒಣ ಇಂಗ್ಲಿಷಿನಲ್ಲಿ. ನಿನ್ನ ಮನೆಯದನ್ನು ನಾನು ಕನ್ನಡದಲ್ಲಿ ಬರೆಯಲೇ? ಬೇಡವೆಂದರೆ ಬೇಡ. ನಾನಿರುವುದು ಪುಕೆಕೊಹೆಯಲ್ಲಿ, ಐದು ಜನ ಫ್ಲ್ಯಾಟ್‌ಮೇಟ್‌ಗಳಿರುವ ಬಾಡಿಗೆ ಮನೆಯಲ್ಲಿ ಒಂದು ಕೋಣೆ. ಎದುರಿಗೆ ಈರುಳ್ಳಿ ಮಂಡಿ. ವಿಳಾಸ ಲಕೋಟೆಯ ಹಿಂದಿದೆ.

ನಿನ್ನ
ತೇಜಸ್ವಿನಿ


ರೊಟೊಟೂನ
ಸೆಪ್ಟೆಂಬರ್ 14, 2025

ತೇಜಸ್ವಿನಿ,

ಪತ್ರ ತಲುಪಿತು. ಹರಿಯಲಿಲ್ಲ.

ಫೆಬ್ರವರಿಯಿಂದ ನನ್ನ ಕೆಲಸ ಆಕ್ಲೆಂಡಿಗೆ ವರ್ಗವಾಗುತ್ತಿದೆ, ಅದಕ್ಕೇ ಆ ಮನೆ. ನೀನು ಅಲ್ಲಿದ್ದೀಯ ಎಂದು ಗೊತ್ತಿದ್ದರೆ ಕೊಳ್ಳುತ್ತಿರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಅದು ಸುಳ್ಳು. ಕೊಳ್ಳುತ್ತಿದ್ದೆ, ಅಡುಗೆಮನೆಗೆ ಪೂರ್ವದ ಬೆಳಕು ಬರುತ್ತದೆ.

ಆದರೆ ಒಂದು ಮಾತು. ಮನುಕಾವ್‌ನ ನಮ್ಮ ಫ್ಲ್ಯಾಟಿನ ಬಾಡಿಗೆ ಒಪ್ಪಂದ ಮುಗಿಯುತ್ತಿದ್ದಾಗ "ಏಜೆಂಟ್ ಹತ್ರ ಮಾತಾಡಿದೀನಿ, ಎಲ್ಲಾ ಆಯ್ತು ಬಿಡೇ" ಎಂದು ನೀನು ಎರಡು ತಿಂಗಳು ಹೇಳಿದೆ. ಏನೂ ಆಗಿರಲಿಲ್ಲ. ಮೊದಲ ಕೆಲಸಕ್ಕೆ ಸೇರಿದ ವಾರ ನಾನು ಸೂಟ್‌ಕೇಸು ಹಿಡಿದು ಬೀದಿ ಮೂಲೆಯ ಡೇರಿ ಅಂಗಡಿಯ ಮುಂದೆ ನಿಂತೆ. ಆಗಲೂ ನೀನು "ಏನಾದ್ರೂ ಆಗತ್ತೆ" ಎಂದು ನಗುತ್ತಿದ್ದೆ. ನನಗೆ ಕೋಪ ಬಂದದ್ದು ಮನೆ ಹೋದದ್ದಕ್ಕಲ್ಲ.

ಮನೆಯ ವಿಷಯ ಬರೆ. ನಿಜ ಇದ್ದಷ್ಟೇ ಬರೆ. ಕಾಗದದಲ್ಲೇ ಬರೆ, ಫೋನಿನಲ್ಲಿ ನಿನ್ನ ಉತ್ಸಾಹಕ್ಕೆ ನಾನು ಮರುಳಾಗುತ್ತೇನೆ.

ಅನನ್ಯಾ


ಪುಕೆಕೊಹೆ
ಅಕ್ಟೋಬರ್ 6, 2025

ಅನನ್ಯಾ, ಅನನ್ಯಾ!

ಎಂಬತ್ತೆಂಟು! ನಿನ್ನ ಮನೆ ಎಂಬತ್ತೆಂಟು ಪರ್ಸೆಂಟು!

ಸಮಾಧಾನವಾಗಿ ಬರೆಯುತ್ತೇನೆ ಇರು. ಎರಡು ವಾರ ಎಡೆಬಿಡದೆ ಮಳೆ, ಇಲ್ಲಿಯ ಮಣ್ಣು ಬೇರೆ ಜೌಗು, ಪಿಕಪ್ ಗಾಡಿಗಳೆಲ್ಲ ಹೂತುಕೊಂಡು ಸೈಟೇ ಮಲಗಿತ್ತು. ಬುಧವಾರ ಬಿಸಿಲು ಬಂತು ನೋಡು, ಎಲ್ಲರಿಗೂ ಹಬ್ಬ. ಒಂದು ಕಡೆ ಚಾವಣಿಯವರು, ಒಂದು ಕಡೆ ಕಿಟಕಿಯವರು, ನಡುವೆ ಲಾರಿಗಳ ಸಾಲು. ನಮ್ಮ ಸೈಟ್ ಮ್ಯಾನೇಜರ್ ಹೇಮಿ ಎಂಬ ಮಾವೊರಿ ಮನುಷ್ಯ, ಆರಡಿ ಮೂರಿಂಚು. ಅವನು ಯಾವತ್ತೂ ಓಡಿದ್ದನ್ನು ನಾನು ನೋಡಿರಲಿಲ್ಲ, ಅವತ್ತು ಓಡಿದ. ನಾನು ಅವನ ಹಿಂದೆ ಟ್ಯಾಬ್ಲೆಟ್ ಹಿಡಿದು ಓಡಿದೆ.

ನಿನ್ನ ಮನೆಗೆ ಅಡುಗೆಮನೆಯ ಕಪಾಟುಗಳು ಬಂದವು, ಕಲ್ಲಿನ ಕಟ್ಟೆ ಬಂತು, ಓವನ್ನು, ಸ್ಟವ್ವು, ಬಚ್ಚಲುಮನೆಯ ಸಾಮಾನು, ಬಾಗಿಲುಗಳು, ಎಲ್ಲ ಬಂತು! ಅವುಗಳ ಬಿಲ್ಲುಗಳನ್ನು ಟ್ಯಾಬ್ಲೆಟ್ಟಿಗೆ ಹಾಕಿದ ಕೂಡಲೇ ಪರದೆಯ ಮೇಲೆ ಮೂವತ್ತೇಳನೇ ಮನೆ ಇಡೀ ಬೀದಿಯನ್ನು ಹಿಂದೆ ಹಾಕಿ ಮುಂದೆ ಹಾರಿತು. ಹೇಮಿ ನೋಡಿ, "ನಿನ್ನ ಫ್ರೆಂಡ್ ಮನೇನಾ? ಚೂ!" ಎಂದ. ಚೂ ಎಂದರೆ ಶಭಾಷ್ ಎಂದು.

ಡಿಸೆಂಬರ್ ಮೊದಲ ವಾರಕ್ಕೆ ಕೀಲಿ ಸಿಗುವ ಹಾಗೆ ಕಾಣುತ್ತದೆ. ಕ್ರಿಸ್‌ಮಸ್ ರಜೆಗೆ ಇಡೀ ದೇಶದ ಕಟ್ಟಡ ಕೆಲಸ ನಿಲ್ಲುತ್ತದೆ, ಅದಕ್ಕೂ ಮೊದಲೇ ನೀನು ಒಳಗಿರುತ್ತೀಯ. ಕರ್ಟನ್ನುಗಳ ಅಳತೆ ಬೇಕಿದ್ದರೆ ಹೇಳು, ನಾಳೆಯೇ ಕಿಟಕಿಗಳನ್ನು ಅಳೆದು ಕಳಿಸುತ್ತೇನೆ.

ತೇಜಸ್ವಿನಿ


ರೊಟೊಟೂನ
ಅಕ್ಟೋಬರ್ 20, 2025, ದೀಪಾವಳಿ

ತೇಜು,

ನಿನ್ನ ಪತ್ರ ಬಂದ ಸಂಜೆ ಅಮ್ಮ ಮೈಸೂರಿನಿಂದ ಫೋನ್ ಮಾಡಿದ್ದರು. ಬಾಯಿ ತಪ್ಪಿ ಎಂಬತ್ತೆಂಟು ಎಂದೆ. ಅಮ್ಮ ಹೈಸ್ಕೂಲ್ ಹೆಡ್‌ಮಿಸ್ ಆಗಿದ್ದವರು ಎಂಬುದು ನಿನಗೆ ನೆನಪಿರಬೇಕು. "ಎಂಬತ್ತೆಂಟಾ? ಡಿಸ್ಟಿಂಕ್ಷನ್ ಅಲ್ವೇನೇ! ಇನ್ನೇನ್ ಕಾಯ್ತಿದೀಯಾ?" ಎಂದು ಫೋನಿಟ್ಟರು. ಮರುದಿನವೇ ಜೋಯಿಸರ ಮನೆಗೆ ಹೋಗಿ ಗೃಹಪ್ರವೇಶಕ್ಕೆ ಮುಹೂರ್ತ ಇಡಿಸಿಕೊಂಡು ಬಂದರು. ಡಿಸೆಂಬರ್ ಐದು, ಶುಕ್ರವಾರ, ರೋಹಿಣಿ ನಕ್ಷತ್ರ. ಅದು ತಪ್ಪಿದರೆ ಧನುರ್ಮಾಸ ಬರುತ್ತದೆ, ಆಮೇಲೆ ತಿಂಗಳುಗಟ್ಟಲೆ ಒಳ್ಳೆಯ ದಿನವಿಲ್ಲವಂತೆ. ಹಿಂತಿರುಗಿಸಲಾಗದ ಟಿಕೆಟ್ ತೆಗೆಸಿದ್ದಾರೆ, ಅಗ್ಗವೆಂದು. ನವೆಂಬರ್ ಇಪ್ಪತ್ತೇಳಕ್ಕೆ ಬಂದು ಜನವರಿ ಎಂಟಕ್ಕೆ ಹೊರಡುತ್ತಾರೆ. ಮಂಡಿನೋವಿನಿಂದ ಇದೇ ಕೊನೆಯ ದೂರದ ಪ್ರಯಾಣವೆಂದೂ ಸಾರಿದ್ದಾರೆ.

ಬೈಯಬೇಕೆಂದಿದ್ದೆ, ಆಗಲಿಲ್ಲ. ಅಪ್ಪ ಹೋದ ಮೇಲೆ ಅಮ್ಮ ಇಷ್ಟು ಖುಷಿಯಾಗಿ ಕೂಗಾಡಿದ್ದನ್ನು ಕೇಳಿರಲಿಲ್ಲ. ನನ್ನ ಸ್ವಂತದ ಒಲೆಯ ಮೇಲೆ ಅವರ ಕೈಯಿಂದ ಹಾಲು ಉಕ್ಕಬೇಕು, ಅಷ್ಟೇ ನನಗೆ ಬೇಕಾದದ್ದು. ಇದನ್ನು ಬರೆಯುವಾಗ ನಾನೂ ಒಬ್ಬಳೇ ನಗುತ್ತಿದ್ದೇನೆ.

ಕಿಟಕಿಗಳ ಅಳತೆ ಕಳಿಸು.

ಅನನ್ಯಾ


ಪುಕೆಕೊಹೆ
ನವೆಂಬರ್ 3, 2025

ಅನನ್ಯಾ,

ಈ ಪತ್ರವನ್ನು ಕೂತು ಓದು.

ನಿನ್ನ ಮನೆ ಎಂಬತ್ತೆಂಟಲ್ಲ. ಅರವತ್ತನಾಲ್ಕು. ಡಿಸೆಂಬರ್ ಐದಕ್ಕೆ ಆಗುವುದಿಲ್ಲ. ಕ್ರಿಸ್‌ಮಸ್‌ಗೂ ಆಗುವುದಿಲ್ಲ. ಫೆಬ್ರವರಿ ಮಧ್ಯ ಎಂದು ಇಟ್ಟುಕೋ.

ಏನಾಯಿತೆಂದರೆ, ನಿನ್ನ ಪತ್ರ ಬಂದ ಮೇಲೆ ಕಿಟಕಿ ಅಳೆಯಲು ಟೇಪು ಹಿಡಿದು ಹೋದೆ. ದಿನವೂ ಹೊಕ್ಕ ಮನೆಯೇ. ಆದರೆ ಅವತ್ತು ನಿನ್ನ ಅಮ್ಮ ಎಲ್ಲಿ ನಿಂತು ಹಾಲು ಕಾಯಿಸುತ್ತಾರೆ ಎಂದು ನೋಡಿದೆ. ಅಲ್ಲಿ ಒಲೆ ಇರಲಿಲ್ಲ. ಕಟ್ಟೆಯೂ ಇರಲಿಲ್ಲ. ಎಲ್ಲವೂ ಗ್ಯಾರೇಜಿನಲ್ಲಿ ಪ್ಲಾಸ್ಟಿಕ್ ಸುತ್ತಿಕೊಂಡು ನಿಂತಿದ್ದವು. ಗೋಡೆಗೆ ಹಲಗೆ ಹೊಡೆದಿದ್ದಾರೆ, ಸಂದು ತುಂಬಿಲ್ಲ, ಉಜ್ಜಿಲ್ಲ, ಬಣ್ಣವಿಲ್ಲ. ನಮ್ಮ ಲೆಕ್ಕ ಖರ್ಚಾದ ಹಣವನ್ನೇ ಆದ ಕೆಲಸವೆಂದು ಎಣಿಸುತ್ತಿತ್ತು! ಸಾಮಾನು ಬೇಗ ಬಂದ ಮನೆ ಪರದೆಯ ಮೇಲೆ ಮುಂದೆ, ಕೆಲಸ ನಿಜವಾಗಿ ಆದ ಮನೆ ಹಿಂದೆ.

ಪಕ್ಕದ ಮೂವತ್ತೆಂಟನೆಯದು ಹಾಗೇ ಹಿಂದೆ ಬಿದ್ದಿತ್ತು. ಅದು ಮೆಲೆ ಎಂಬ ಟೊಂಗಾ ದ್ವೀಪದ ಹೆಂಗಸಿನ ಮನೆ. ಎಂಟು ತಿಂಗಳ ಬಸುರಿ, ಗಂಡ ಮಕ್ಕಳೊಡನೆ ಅಕ್ಕನ ಗ್ಯಾರೇಜಿನಲ್ಲಿದ್ದಾಳೆ. ಅವಳ ಮನೆಯ ಬಚ್ಚಲು ಮುಗಿದಿದೆ, ಗೋಡೆ ಅರ್ಧ ಹದವಾಗಿದೆ. ಕಪಾಟು ಬಂದಿಲ್ಲವೆಂದು ಅಂಕಿ ಮಾತ್ರ ಕಡಿಮೆ. ಗೋಡೆ ಹದಮಾಡಿ ಬಣ್ಣ ಬಳಿಯುವ ತಂಡ ನಮ್ಮಲ್ಲಿ ಒಂದೇ ಇರುವುದು. ಈ ಸೋಮವಾರ ಅದು ನಿನ್ನ ಮನೆಗೆ ಬರುವುದಿತ್ತು.

ಬಾಯಿ ಮುಚ್ಚಿಕೊಂಡಿದ್ದರೆ ಬರುತ್ತಿತ್ತು. ತಂಡ ಬಂದಿದ್ದರೆ ಎಳೆದಾಡಿ ಐದಕ್ಕೆ ಮುಗಿಸಿಯೂ ಬಿಡುತ್ತಿದ್ದೆವೇನೋ. ಶುಕ್ರವಾರ ಮಧ್ಯಾಹ್ನವೆಲ್ಲ ನಿನ್ನ ಪತ್ರವನ್ನೇ ಮತ್ತೆ ಮತ್ತೆ ಓದಿದೆ. ನಿನ್ನ ಅಮ್ಮ ಕೂಗಾಡಿದ್ದು, ನೀನು ಒಬ್ಬಳೇ ನಕ್ಕದ್ದು, ಎಲ್ಲ ಕಣ್ಣ ಮುಂದೆ ಬಂತು. ಒಂದು ವಾರ ತಡವಾಗಿ ಹೇಳಿದರಾಯಿತು ಎಂದು ಎರಡು ಸಲ ಅಂದುಕೊಂಡೆ. ಆಮೇಲೆ ಹೇಮಿಯ ಹತ್ತಿರ ಹೋಗಿ ಹೇಳಿಬಿಟ್ಟೆ.

"ಆರ್ ಯೂ ಶ್ಯೂರ್, ಟೆಜ್? ಇಡೀ ಬೋರ್ಡ್ ಕೆಳಗೆ ಬೀಳುತ್ತೆ," ಎಂದ. "ಶ್ಯೂರ್," ಎಂದೆ. ಭಾನುವಾರವೂ ಕೂತು ತೊಂಬತ್ತಾರು ಮನೆಯನ್ನೂ ಮತ್ತೆ ಲೆಕ್ಕ ಹಾಕಿದೆವು. ಗೋಡೆಗೆ, ನೆಲಕ್ಕೆ ಕೂತದ್ದು ಮಾತ್ರ ಲೆಕ್ಕಕ್ಕೆ. ಖರ್ಚಿಗೆ ಬೇರೆಯೇ ಕಾಲಂ. ಬಣ್ಣದ ತಂಡ ಇವತ್ತು ಮೆಲೆಯ ಮನೆಗೆ ಹೋಯಿತು. ಇವತ್ತು ಬೆಳಿಗ್ಗೆ ಡೈರೆಕ್ಟರ್ ಬಂದು ಪರದೆ ನೋಡಿ, ಕೆಂಪಾಗಿ, ನನ್ನನ್ನೊಮ್ಮೆ ನೋಡಿ ಹೋದರು. ನನ್ನ ಕೆಲಸ ಉಳಿದಿದೆ ಎಂದು ಹೇಮಿ ಹೇಳುತ್ತಾನೆ.

ಒಂದು ವಿಚಿತ್ರ ಹೇಳಲೇ? ನಿನ್ನ ಬಗ್ಗೆ ಎಷ್ಟು ಸಂಕಟವೋ, ಆ ಪರದೆ ನೋಡಿದರೆ ಅಷ್ಟೇ ಪುಳಕ. ಮೊದಲ ಸಲ ಅದು ನಾನು ಕಾಲಲ್ಲಿ ನಡೆದ ಸೈಟಿನ ಹಾಗೆಯೇ ಕಾಣುತ್ತಿದೆ.

ನಿನ್ನ ಮನೆ ಅರವತ್ತನಾಲ್ಕು. ಇದು ನಿಜ.

ತೇಜಸ್ವಿನಿ


ರೊಟೊಟೂನ
ನವೆಂಬರ್ 12, 2025

ತೇಜಸ್ವಿನಿ,

ಪತ್ರ ತಲುಪಿತು. ಅಮ್ಮನಿಗೆ ಹೇಳಿದೆ. ಟಿಕೆಟ್ ಬದಲಿಸಲು ಬರುವುದಿಲ್ಲ, ಬರುತ್ತಾರೆ.

ಅನನ್ಯಾ


ಪುಕೆಕೊಹೆ
ನವೆಂಬರ್ 21, 2025

ಅನನ್ಯಾ,

ಅರವತ್ತೈದು. ಮಹಡಿಯ ಮೆಟ್ಟಿಲಿಗೆ ಕೈಹಿಡಿ ಕೂರಿಸಿದರು, ಬೇರೇನೂ ಆಗಿಲ್ಲ.

ನೀನು ಕೇಳಲಿಲ್ಲ, ಆದರೂ ಬರೆದೆ. ಈ ಶನಿವಾರ ಬಿಟ್ಟು ಮುಂದಿನ ಶನಿವಾರ, ಇಪ್ಪತ್ತೊಂಬತ್ತಕ್ಕೆ, ಕೊಂಡವರು ಸೈಟ್ ನೋಡಬಹುದು. ನಿನ್ನ ಅಮ್ಮ ಚಂದ್ರಿಕಾ ಆಂಟಿಗೆ ಹೆಲ್ಮೆಟ್ಟು ತೆಗೆದಿಟ್ಟಿರುತ್ತೇನೆ. ನಾನು ಎದುರಿಗೆ ಬರಬಾರದು ಎಂದಿದ್ದರೆ ಹಾಗೂ ಆಗಲಿ, ಅವತ್ತು ಆ ಕಡೆಯ ತುದಿಯಲ್ಲಿ ಕೆಲಸ ಹಚ್ಚಿಕೊಳ್ಳುತ್ತೇನೆ.

ತೇಜಸ್ವಿನಿ


ರೊಟೊಟೂನ
ನವೆಂಬರ್ 30, 2025

ಚಿರಂಜೀವಿ ತೇಜಸ್ವಿನಿಗೆ ಆಶೀರ್ವಾದಗಳು.

ನಾನು ಕ್ಷೇಮ, ವಿಮಾನದಲ್ಲಿ ಕಾಲು ಮಾತ್ರ ಊದಿದೆ. ನಿನ್ನ ಫೋನ್ ನಂಬರ್ ಕೊಡೇ ಎಂದರೆ ನನ್ನ ಮಗಳು ವಿಳಾಸ ಕೊಟ್ಟಳು. ನಿಮ್ಮಿಬ್ಬರ ನಡುವಿನ ರಗಳೆ ನನಗೆ ಅರ್ಥವಾಗುವುದಿಲ್ಲ, ಕೇಳಲೂ ಹೋಗುವುದಿಲ್ಲ.

ನಿನ್ನೆ ಸೈಟಿಗೆ ಬಂದಿದ್ದೆವು. ನೀನು ಎಲ್ಲೋ ದೂರದಲ್ಲಿ ಏಣಿಯ ಮೇಲೆ ನಿಂತು ಈ ಕಡೆ ನೋಡದ ಹಾಗೆ ನೋಡುತ್ತಿದ್ದೆ. ನನಗೆ ಕನ್ನಡಕ ಇದೆ ಕಣಮ್ಮ.

ನಿನ್ನ ಮೇಲೆ ಸಿಟ್ಟಿಟ್ಟುಕೊಂಡೇ ಬಂದಿದ್ದೆ. ನೆಂಟರಿಗೆಲ್ಲ ಹೇಳಿಕೊಂಡು, ಅಕ್ಕಪಕ್ಕದವರ ಮುಂದೆ ಜಂಬ ಮಾಡಿಕೊಂಡು ಹೊರಟವಳು ನಾನು. ಮನೆಯೊಳಗೆ ಹೋದರೆ ಗೋಡೆಯಲ್ಲಿ ಸ್ಕ್ರೂಗಳ ತಲೆ ಕಾಣುತ್ತಿದೆ. ಗ್ಯಾರೇಜಿನಲ್ಲಿ ಒಲೆ ಪೊಟ್ಟಣದೊಳಗೇ ಕೂತಿದೆ. ಅಲ್ಲೇ ಒಂದು ಮರದ ದಿಮ್ಮಿಯ ಮೇಲೆ ಕೂತುಬಿಟ್ಟೆ. ಅಳು ಬಂತು, ಅತ್ತೆ.

ಆಗ ಆ ಹೇಮಿ ಎಂಬುವನು ಬಂದ. ಅಬ್ಬಾ ಏನು ಆಳು! ಮಂಡಿಯೂರಿ ನನ್ನ ಮುಂದೆ ಕೂತು ಏನೋ ಹೇಳಿದ. ಅವನ ಇಂಗ್ಲಿಷು ನನಗೆ ಹತ್ತಲಿಲ್ಲ. ಅನನ್ಯಾ ಒಂದೊಂದೇ ಮಾತು ಕನ್ನಡಕ್ಕೆ ಹೇಳುತ್ತಾ ಬಂದಳು. "ಟೆಜ್ ಸುಮ್ನಿದ್ದಿದ್ರೆ ಬಣ್ಣದೋರು ನಮ್ಮನೆಗೇ ಬರ್ತಿದ್ರಂತಮ್ಮ. ಯಾರಿಗೂ ಗೊತ್ತಾಗ್ತಿರ್ಲಿಲ್ವಂತೆ. ಅವ್ಳೇ ಬಂದು ನಮ್ಮನೆ ನಂಬರ್ ಕೆಳಗಿಳ್ಸಿ ಅಂದ್ಲಂತೆ," ಎಂದಳು. ಅಷ್ಟು ಹೇಳಿ ಗೋಡೆಯ ಕಡೆ ತಿರುಗಿಕೊಂಡಳು. ಪತ್ರದಲ್ಲಿ ನೀನು ಬರೆದದ್ದನ್ನು ಅವಳು ಆವರೆಗೆ ಪೂರ್ತಿ ನಂಬಿರಲಿಲ್ಲವೆಂದು ಕಾಣುತ್ತದೆ.

ನೋಡಮ್ಮ, ಮೂವತ್ತು ವರ್ಷ ಮಕ್ಕಳಿಗೆ ಅಂಕ ಹಾಕಿದವಳು ನಾನು. ಮರುಮೌಲ್ಯಮಾಪನಕ್ಕೆ ಹಾಕಿ, ಅಂಕ ಜಾಸ್ತಿ ಮಾಡಿ ಎಂದು ಬಂದವರನ್ನು ಸಾಲುಸಾಲಾಗಿ ಕಂಡಿದ್ದೇನೆ. ಕಡಿಮೆ ಮಾಡಿ ಎಂದು ಬಂದವಳನ್ನು ಈಗಲೇ ಕಂಡದ್ದು. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು, ಬೇಸರ ಮಾತ್ರ ಇದೆ. ಇದ್ದರೆ ಇರಲಿ.

ಬೇಲಿಯ ಹತ್ತಿರ ಆ ಪಕ್ಕದ ಮನೆಯ ಹುಡುಗಿ ಸಿಕ್ಕಳು, ಮೆಲೆ. ಹೊಟ್ಟೆ ನೋಡಿದರೆ ಇವತ್ತೋ ನಾಳೆಯೋ ಅನ್ನುವ ಹಾಗಿದೆ. ಅವಳಿಗೆ ಗುರುವಾರ ಮನೆ ಮುಗಿಯಿತೆಂಬ ಕೌನ್ಸಿಲ್ಲಿನ ಪ್ರಮಾಣಪತ್ರ, ಶುಕ್ರವಾರ ಕೀಲಿಯಂತೆ. ಶುಕ್ರವಾರ! ನನ್ನ ರೋಹಿಣಿ ನಕ್ಷತ್ರ! ನಾನೇಕೆ ಅಳುತ್ತಿದ್ದೆನೆಂದು ಕೇಳಿದಳು. ಅನನ್ಯಾ ಹಾಲು, ಒಲೆ, ಮುಹೂರ್ತ ಎಲ್ಲ ವಿವರಿಸಿದಳು. ಮೆಲೆ ನನ್ನ ಎರಡೂ ಕೈ ಹಿಡಿದುಕೊಂಡು, ನಮ್ಮ ಮನೆಯಲ್ಲಿ ಉಕ್ಕಿಸಿ ಆಂಟಿ, ಎಂದಳು. ಅವರ ಪಾದ್ರಿಗಳು ಹತ್ತಕ್ಕೆ ಬಂದು ಪ್ರಾರ್ಥನೆ ಮಾಡುತ್ತಾರಂತೆ, ಆಮೇಲೆ ನಾನು. ಜೋಯಿಸರು ಏನೆನ್ನುತ್ತಾರೋ ಗೊತ್ತಿಲ್ಲ, ಅವರನ್ನು ಕೇಳಿಯೂ ಇಲ್ಲ.

ನೀನು ಬರಬೇಕು. ಏಣಿಯ ಮೇಲಿಂದಲ್ಲ.

ಇತಿ ಆಶೀರ್ವಾದಗಳೊಂದಿಗೆ,
ಚಂದ್ರಿಕಾ


ರೊಟೊಟೂನ
ಡಿಸೆಂಬರ್ 7, 2025

ತೇಜು,

ಶುಕ್ರವಾರ ನೀನು ಮೆಲೆಯ ಮನೆಯ ಬಾಗಿಲ ಬಳಿಯೇ ನಿಂತಿದ್ದೆ, ಗಮ್‌ಬೂಟು ಕೈಯಲ್ಲಿ ಹಿಡಿದು. ನಾನೂ ಬಂದು ಮಾತಾಡಲಿಲ್ಲ. ನಿನ್ನ ಕಡೆ ಹೊರಟಾಗಲೆಲ್ಲ ಮೆಲೆಯ ಮಕ್ಕಳಲ್ಲಿ ಯಾರಾದರೊಬ್ಬರು ನಡುವೆ ಓಡುತ್ತಿದ್ದರು. ನೀನು ನಿನ್ನ ಲೆಕ್ಕದ ಕೆಲಸಕ್ಕೆ ಹೊರಟೇಹೋದೆ. ಅದಕ್ಕೆ ಮತ್ತೆ ಕಾಗದ.

ನೀನು ಹೋದ ಮೇಲೆ ಏನಾಯಿತೆಂದು ಗೊತ್ತೇ? ಅಮ್ಮ ಇನ್ನೊಂದು ಸಲ ಹಾಲಿಟ್ಟರು. ಮೊದಲನೆಯದು ಸರಿಯಾಗಿ ಪೂರ್ವಕ್ಕೆ ಉಕ್ಕಲಿಲ್ಲವಂತೆ! ಎರಡನೆಯದು ಉಕ್ಕಿ ಹೊಸ ಸ್ಟವ್ವಿನ ಗಾಜಿನ ಮೇಲೆಲ್ಲ ಹರಿಯಿತು. ಹೇಮಿ ಗಾಬರಿಯಿಂದ ಆರಿಸಲು ಓಡಿ ಬಂದ. ಅಮ್ಮ ಅವನ ತೋಳಿಗೆ ಜೋತುಬಿದ್ದು "ಇರೋ ಮಾರಾಯಾ, ಉಕ್ಲಿ!" ಎಂದು ಕಿರುಚಿದರು, ಕನ್ನಡದಲ್ಲೇ. ಅವನಿಗೆ ಅರ್ಥವಾಯಿತು, ನಿಂತ. ಮೆಲೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು, ನಮಗೆಲ್ಲ ಜೀವ ಹೋದ ಹಾಗಾಯಿತು. ಅಮ್ಮ ಅವಳ ಹಣೆಗೆ ಕುಂಕುಮ ಇಟ್ಟರು. ಅವಳು ಅಮ್ಮನ ಕೊರಳಿಗೆ ತನ್ನ ಹೂವಿನ ಹಾರ ಹಾಕಿದಳು. ಅಮ್ಮ ಅದನ್ನು ಇವತ್ತಿಗೂ ಫ್ರಿಜ್ಜಿನಲ್ಲಿಟ್ಟಿದ್ದಾರೆ.

ಅಮ್ಮನಿಗೆ ನನ್ನ ಮನೆಯ ಒಲೆಯ ಮೇಲೆ ಹಾಲು ಉಕ್ಕಿಸಲಾಗಲಿಲ್ಲ. ಆ ನೋವು ಇದೆ, ಇಲ್ಲವೆಂದು ಬರೆದರೆ ನಾನು ಸುಳ್ಳು ಬರೆದ ಹಾಗೆ. ಜನವರಿಯಲ್ಲಿ ಅವರು ಹೊರಟುಹೋಗುತ್ತಾರೆ, ಮಂಡಿಯ ಮಾತೂ ಸುಳ್ಳಲ್ಲ. ಫೆಬ್ರವರಿಯಲ್ಲಿ ನಾನೇ ಉಕ್ಕಿಸುತ್ತೇನೆ, ಅವರು ವಿಡಿಯೊದಲ್ಲಿ ಬೈದು ಸರಿಮಾಡುತ್ತಾರೆ.

ಆದರೆ ನವೆಂಬರಿನ ಆ ಪತ್ರ ಬಂದ ದಿನ ನಾನು ಅತ್ತದ್ದನ್ನು ನಿನಗೆ ಹೇಳಿಲ್ಲ. ಮೊದಲು ಸಿಟ್ಟಿನಿಂದ ಅತ್ತೆ. ಮತ್ತೆ ಓದಿದೆ. ನೀನು ಎಲ್ಲೂ "ಆಗತ್ತೆ ಬಿಡೇ" ಎಂದಿರಲಿಲ್ಲ. ಹುಡುಕಿದೆ, ಒಂದು ಕಡೆಯೂ ಇರಲಿಲ್ಲ. ಆಗ ಇನ್ನೊಂದು ಥರ ಅತ್ತೆ. ನಿನಗೆ ಮೂರೇ ಸಾಲು ಬರೆದು ಕಳಿಸಿದ್ದು ಅದಕ್ಕೇ, ನಾಲ್ಕನೇ ಸಾಲು ಬರೆದಿದ್ದರೆ ಎಲ್ಲ ಹೊರಗೆ ಬರುತ್ತಿತ್ತು.

ನೀನು ನಂಬಿಕೆಗೆ ಅರ್ಹಳಲ್ಲ ಎಂದು ನಾಲ್ಕು ವರ್ಷ ಹಟ ಹಿಡಿದೆ. ಹಟ ಹಿಡಿದು ಬಹಳ ಒಂಟಿಯಾದೆ ಕಣೇ.

ಇನ್ನು ಕೆಲಸದ ವಿಷಯ. ರಜೆ ಮುಗಿದ ಕೂಡಲೇ ಬಣ್ಣದವರು ನಮ್ಮ ಮನೆಗೆ ಬರುತ್ತಾರೆ, ಬಣ್ಣಗಳನ್ನು ಈಗಲೇ ತಿಳಿಸಬೇಕು ಎಂದು ಹೇಮಿ ಹೇಳಿದ. ಬರೆದುಕೋ. ನಡುಮನೆಗೆ ಬಿಳಿ. ಅಮ್ಮ ಯಾವತ್ತಾದರೂ ಬಂದರೆ ಇರಲಿ ಎಂದು ಕೆಳಗಿನ ಕೋಣೆಗೆ ಅವರೇ ಆರಿಸಿದ ತಿಳಿಹಳದಿ. ನನ್ನ ಕೋಣೆಗೆ ಬೂದು, ನಗಬೇಡ.

ಮಹಡಿಯ ಇನ್ನೊಂದು ಕೋಣೆಯ ಬಣ್ಣ ನಾನು ಹೇಳುವುದಿಲ್ಲ. ಅದನ್ನು ನೀನೇ ಆರಿಸಿ ಹೇಮಿಗೆ ತಿಳಿಸು. ಬೆಳಿಗ್ಗೆ ಎದ್ದು ದಿನವೂ ಆ ಗೋಡೆ ನೋಡುವವಳು ನೀನು.

ಅನನ್ಯಾ